ಎಳೆಯ ಮಿಷನರಿ: ಊರಿನವರಿಗೊಂದು ಬಳಕೆಯ ಕೈಪಿಡಿ

ನಿಮ್ಮ ಊರಿಗೆ ಒಬ್ಬ ಎಳೆಯ ಮಿಷನರಿ ಬಂದಿಳಿದಿದ್ದಾನೆ. ನೀವು ಬೇಡಿ ತರಿಸಿದ ಮಾಲಲ್ಲ, ಗೊತ್ತು. ಆದರೂ ತಲುಪಿಯಾಗಿದೆ, ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲ. ಕಳಿಸಿದವರು ಅವನ ಕೈಗೆ ನಿಯಮಗಳ ಕಟ್ಟನ್ನೇ ಕೊಟ್ಟಿದ್ದಾರೆ. ಅವನನ್ನು ದಿನಬೆಳಗಾದರೆ ಸಂಭಾಳಿಸಬೇಕಾದ ನಿಮಗೆ ಮಾತ್ರ ಯಾರೂ ಒಂದು ಚೀಟಿಯನ್ನೂ ಕೊಟ್ಟಿಲ್ಲ. ಆ ಲೋಪವನ್ನು ಸರಿಪಡಿಸಲು ಈ ಕೈಪಿಡಿ. ಧನ್ವಾಡ, ನಾರಾಯಣಪೇಟೆ, ಮಖ್ತಲ್, ಗದ್ವಾಲ ಸೀಮೆಯ ರೈತರು, ನೇಕಾರರು, ಬಂಡಿ ಹೊಡೆಯುವವರು, ಅಡುಗೆಯವರು ಮತ್ತು ಮುಖ್ಯವಾಗಿ ಭಾಷೆ ಕಲಿಸುವ ಮುನ್ಶಿಗಳು ಇದನ್ನು ಓದಿಕೊಂಡು ಕೆಲಸ ಶುರುಮಾಡತಕ್ಕದ್ದು. ಎರಡು ನೂರು ವರ್ಷಗಳಿಂದ ಕನ್ನಡ ಮತ್ತು ತೆಲುಗು ನೆಲದಲ್ಲಿ ಓಡಿದ ಮಾದರಿಗಳನ್ನು ನೋಡಿಯೇ ಇದನ್ನು ಬರೆಯಲಾಗಿದೆ.

1. ಪೆಟ್ಟಿಗೆಯೊಳಗೆ ಏನೇನಿದೆ

ಒಬ್ಬ ಯುವಕ. ವಯಸ್ಸು ಇಪ್ಪತ್ತರ ಆಸುಪಾಸು. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂದು. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದಾಗ ಇಪ್ಪತ್ತೈದು. ಇವತ್ತಿನ ಲೆಕ್ಕದಲ್ಲಿ ಕಾಲೇಜು ಮುಗಿಸಿ ಮನೆಯಲ್ಲಿ ಬೈಸಿಕೊಳ್ಳುವ ವಯಸ್ಸು.

ಬೈಬಲ್ ಒಂದು. ಉಣ್ಣೆಯ ಕೋಟು ಒಂದು; ನಮ್ಮ ಬಿಸಿಲಿಗೆ ಉಪಯೋಗವಿಲ್ಲ, ಎಸೆಯಬೇಡಿ, ತಾಯಿ ಹೊಲಿದದ್ದಿರಬಹುದು. ಗ್ರೀಕ್, ಹೀಬ್ರೂ, ಲ್ಯಾಟಿನ್ ಎಂಬ ಮೂರು ಭಾಷೆಗಳು. ಮೂರೂ ಸೇರಿದರೂ ನಿಮ್ಮ ಅಂಗಳದಲ್ಲಿ ಒಂದು ಚೊಂಬು ನೀರು ಕೇಳಲು ಸಾಲವು.

ಪೆಟ್ಟಿಗೆಯಲ್ಲಿ ಇಲ್ಲದ್ದು: ಹೆಂಡತಿ. ಅವಳು ಬರುವುದು ಬೇರೆ ಹಡಗಿನಲ್ಲಿ. ಬಾಸೆಲ್ ಪದ್ಧತಿಯಲ್ಲಿ ಹುಡುಗ ಮೊದಲು ಎರಡು ವರ್ಷ ದುಡಿಯಬೇಕು, ಆಮೇಲೆ ಮದುವೆಗೆ ಕಮಿಟಿಯ ಒಪ್ಪಿಗೆ ಬೇಡಬೇಕು. ಕಮಿಟಿ ಹೂಂ ಅಂದರೆ ವಧು ಹೊರಡುತ್ತಾಳೆ. ವರ ಅವಳ ಮುಖವನ್ನು ಬಂದರಿನಲ್ಲೇ ಮೊದಲ ಸಲ ನೋಡಿದ್ದೂ ಉಂಟು. ಇದು ನಿಮಗೆ ವಿಚಿತ್ರ ಅನ್ನಿಸಲಾರದು. ನಮ್ಮಲ್ಲಿ ಸೋದರಮಾವ ಮಾಡುವ ಕೆಲಸವನ್ನು ಅವರಲ್ಲಿ ಕಮಿಟಿ ಮಾಡುತ್ತದೆ, ಅಷ್ಟೇ.

2. ಲಭ್ಯವಿರುವ ಮಾದರಿಗಳು

ಬಳ್ಳಾರಿ ಮಾದರಿ (1810): ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್. ಒಂದೇ ಕಡೆ ಬೇರೂರಿ ಬೈಬಲನ್ನು ಕನ್ನಡಕ್ಕೆ ತರುವುದು ಇದರ ಗುಣ. ನಿಧಾನ, ಆದರೆ ಬಾಳಿಕೆ ಹೆಚ್ಚು.

ಮಂಗಳೂರು ಮಾದರಿ (1834): ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರ ಮೊದಲ ಕಂತು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದು ಬದಲಾದ ಮೇಲೆ ಇಂಗ್ಲಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಈ ಮಾದರಿಯಲ್ಲಿ ಬಹಳಷ್ಟು ಜನ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಕೈಕೆಲಸ ಬಲ್ಲವರು.

ಪಾಲಮೂರು ಮಾದರಿ (1899): ಪಾಲಮೂರು ಅಂದರೆ ಮಹಬೂಬ್‌ನಗರ; ನಮ್ಮ ಸೀಮೆಗೆ ಒಗ್ಗಿದ್ದು ಇದು. ರಷ್ಯಾದಿಂದ ಅಮೆರಿಕಕ್ಕೆ ವಲಸೆ ಹೋದ, ಜರ್ಮನ್ ಮಾತಾಡುವ ಮೆನ್ನೊನೈಟ್ ಬ್ರದರನ್ ಎಂಬ ಒಕ್ಕಲಿಗ ಪಂಥದವರು. ಆಯುಧ ಹಿಡಿಯುವುದಿಲ್ಲ, ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಿಳಿವಳಿಕೆ ಬಂದವರನ್ನೇ ನೀರಿನಲ್ಲಿ ಪೂರ್ತಿ ಮುಳುಗಿಸುತ್ತಾರೆ. ನಮ್ಮಂಥ ಬರದ ನಾಡಿನಲ್ಲಿ ಇದಕ್ಕೆ ಕೆರೆ ತುಂಬುವ ತನಕ ಕಾಯಬೇಕಾದೀತು. ಹುಡುಗನಿಗೆ ಮೊದಲೇ ತಿಳಿಸಿಡಿ. 1937ರಲ್ಲಿ ಗದ್ವಾಲ ಮತ್ತು ಮಹಬೂಬ್‌ನಗರದ ಠಾಣೆಗಳು ಅಮೆರಿಕನ್ ಬ್ಯಾಪ್ಟಿಸ್ಟರಿಂದ ಇವರ ಕೈಗೆ ಬಂದವು.

ದೋರ್ನಕಲ್ ಮಾದರಿ: ದೇಶಿ. ತಮಿಳುನಾಡಿನ ತಿರುನೆಲ್ವೇಲಿಯ ಕ್ರೈಸ್ತರು 1903ರಲ್ಲಿ ತಾವೇ ಸಂಘ ಕಟ್ಟಿ ನಿಜಾಮನ ಸೀಮೆಯ ದೋರ್ನಕಲ್ ಕಡೆಗೆ ತಮ್ಮವರನ್ನು ಕಳಿಸಿದರು. ಆ ತಮಿಳು ಹುಡುಗರಿಗೂ ತೆಲುಗು ಪರಭಾಷೆಯೇ, ಊಟ ಪರಊರಿನದೇ.

ಬೆಂಗಳೂರು ಮಾದರಿ (1993): ಮಾರ್ಮನ್ ಸಭೆಯದು. ಬಿಳಿ ಅಂಗಿ, ಟೈ, ಕಪ್ಪು ಫಲಕ. ಹದಿನೆಂಟರ ಹುಡುಗನೂ ಎದೆಯ ಮೇಲೆ ‘ಎಲ್ಡರ್’ ಎಂದು ಬರೆದುಕೊಂಡಿರುತ್ತಾನೆ. ಅವಧಿ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ. ಯಾವಾಗಲೂ ಜೋಡಿಯಾಗಿಯೇ ಬರುತ್ತದೆ.

ರಫ್ತು ಮಾದರಿ: ಅಪರೂಪ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಕ್ರೈಸ್ತರಾಗಿ, 1846ರಲ್ಲಿ ಮೋಗ್ಲಿಂಗರ ಜೊತೆ ಬಾಸೆಲಿಗೆ ಹೋದರು. ಅಲ್ಲಿ ಓದಿ, ಪಾದ್ರಿಯಾಗಿ 1851ರಲ್ಲಿ ಮರಳಿದರು. ಪರದೇಶದ ಚಳಿ, ಪರದೇಶದ ಊಟ, ಪರದೇಶದವರ ಕುತೂಹಲದ ಕಣ್ಣು, ಇವೆಲ್ಲ ನಮ್ಮ ಹುಡುಗನಿಗೂ ತಗಲಿದ್ದವು ಎಂಬುದು ನೆನಪಿರಲಿ.

3. ಜೋಡಣೆ

ಪೆಟ್ಟಿಗೆಯಿಂದ ತೆಗೆದ ತಕ್ಷಣ ಮಿಷನರಿ ಕೆಲಸಕ್ಕೆ ಬರುವುದಿಲ್ಲ. ಮೊದಲು ನಾಲಿಗೆಯನ್ನು ಜೋಡಿಸಬೇಕು. ಇದಕ್ಕೆ ಬೇಕಾದ ಸಾಧನ ಒಬ್ಬ ಮುನ್ಶಿ. ಮುನ್ಶಿ ಮಿಷನರಿಯ ಧರ್ಮಕ್ಕೆ ಸೇರಿರಬೇಕಿಲ್ಲ, ಸೇರಲೂ ಬೇಕಿಲ್ಲ. ಬೆಳಿಗ್ಗೆ ಕೂತು ಅವನ ಪ್ರಸಂಗವನ್ನು ತಿದ್ದಿ, ವಿಭಕ್ತಿಗೆ ವಿಭಕ್ತಿ ಹಚ್ಚಿ, ಮಧ್ಯಾಹ್ನ ಮನೆಗೆ ಹೋಗಿ ತನ್ನ ದೇವರಿಗೆ ದೀಪ ಹಚ್ಚಿದರೆ ಯಾವ ತೊಡಕೂ ಇಲ್ಲ. ಎರಡೂ ದೇವರು ಇದನ್ನು ಸಹಿಸಿಕೊಂಡು ಬಂದಿವೆ.

ನಮ್ಮ ಸೀಮೆಯಲ್ಲಿ ಒಂದು ವಿಶೇಷ ಎಚ್ಚರಿಕೆ. ಇಲ್ಲಿ ಎಷ್ಟೋ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ನಿಜಾಮನ ಕಾಲದ ಕಚೇರಿಯಲ್ಲಿ ಉರ್ದು, ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಮರಾಠಿ. ಗದ್ವಾಲ ಮತ್ತು ಆಲಂಪುರ 1956ರ ತನಕ ರಾಯಚೂರು ಜಿಲ್ಲೆಯಲ್ಲೇ ಇದ್ದವು. ನಕಾಶೆ ಬದಲಾಯಿತು, ಬೀಗರು ಬದಲಾಗಲಿಲ್ಲ. ಮಿಷನ್ ಕಚೇರಿ ಹುಡುಗನಿಗೆ ‘ತೆಲುಗು ಸೀಮೆ’ ಎಂದು ಹೇಳಿ ಕಳಿಸಿರುತ್ತದೆ. ಅವನು ಕಷ್ಟಪಟ್ಟು ತೆಲುಗು ಕಲಿತು ಮೊದಲ ಮನೆಯ ಬಾಗಿಲಲ್ಲಿ ನಿಂತರೆ ಒಳಗಿನಿಂದ ಅಜ್ಜಿ, ‘ಯಾರಪಾ ಅದು, ಒಳಗ ಬಾ’ ಎನ್ನುತ್ತಾಳೆ. ಆಗ ಅವನ ಮುಖ ನೋಡುವಂತಿರುತ್ತದೆ. ನಗಬೇಡಿ. ಅವನು ಹೋದ ಮೇಲೆ ನಕ್ಕರೆ ಅಡ್ಡಿಯಿಲ್ಲ.

4. ವಾರದ ಚಾಲನೆ

ಸೋಮವಾರ. ಮುನ್ಶಿಯ ಪಾಠ. ನಿನ್ನೆಯ ಆರಾಧನೆಗೆ ಯಾರ್ಯಾರು ಬರಲಿಲ್ಲ ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ. ಪಾಠವನ್ನು ಸುಲಭವಾದದ್ದರಿಂದ ಶುರುಮಾಡಿ.

ಮಂಗಳವಾರ. ಶಾಲೆ. ಹತ್ತು ಹುಡುಗರಿದ್ದರೆ ಹತ್ತು ಜನರಿಗೂ ಬೇಕಾದದ್ದು ಲೆಕ್ಕ ಮತ್ತು ಬರಹ. ಅವರ ಅಪ್ಪಂದಿರಿಗೆ ಬೇಕಾದದ್ದು ಕಚೇರಿಯ ಕಾಗದ ಓದಬಲ್ಲ ಮಗ. ಮಿಷನರಿಗೆ ಬೇಕಾದದ್ದು ಬೇರೆ. ಈ ಮೂರೂ ಒಂದೇ ಸೂರಿನಡಿ ಜಗಳವಿಲ್ಲದೆ ನಡೆಯುತ್ತವೆ. ಯಾರೂ ಯಾರಿಗೂ ಬಾಯಿಬಿಟ್ಟು ಹೇಳದಿರುವುದೇ ಇದರ ಗುಟ್ಟು.

ಬುಧವಾರ. ಸಂತೆ. (ನಿಮ್ಮ ಊರ ಸಂತೆ ಬೇರೆ ವಾರವಿದ್ದರೆ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.) ಹುಡುಗ ಬಂಡಿಯ ಮೇಲೆ ಹತ್ತಿ ಪಾಪ, ಪ್ರಾಯಶ್ಚಿತ್ತ, ರಕ್ಷಣೆ ಎಂದು ಹೇಳಲು ತೊಡಗುತ್ತಾನೆ. ಇದಕ್ಕೆ ಬರಬಹುದಾದ ಎಲ್ಲ ಆಕ್ಷೇಪಗಳಿಗೂ ಅವನಿಗೆ ಉತ್ತರ ಕಲಿಸಿ ಕಳಿಸಿದ್ದಾರೆ. ಆದರೆ ಸಂತೆಯವರು ಕೇಳುವುದೇ ಬೇರೆ: ‘ಸಾಹೇಬ್ರ, ನಿಮ್ಮ ಕಡೆ ಈ ವರ್ಷ ಮಳಿ ಹ್ಯಾಂಗ್ರಿ?’ ‘ಅಲ್ರಿ, ನಿಮ್ಮವ್ವ ನಿಮ್ಮನ್ನ ಇಷ್ಟು ದೂರ ಹ್ಯಾಂಗ ಬಿಟ್ಲು?’ ಮೊದಲನೆಯದಕ್ಕೆ ಅವನು ಏನೋ ಹೇಳಿಯಾನು. ಎರಡನೆಯದಕ್ಕೆ ಗಂಟಲು ಹಿಡಿಯುತ್ತದೆ. ಆ ಹೊತ್ತಿಗೆ ಯಾರಾದರೂ ಒಂದು ಲೋಟ ಮಜ್ಜಿಗೆ ಕೊಟ್ಟು ಮಾತು ತಿರುಗಿಸಿ. ಹಿಂದೆ ಕೆಲವು ಜಾತ್ರೆಗಳಲ್ಲಿ ಮಣ್ಣು ತೂರಿ ಮಾತು ತಿರುಗಿಸಿದ್ದೂ ಉಂಟು. ಆ ಪದ್ಧತಿಯನ್ನು ಈ ಕೈಪಿಡಿ ಬೆಂಬಲಿಸುವುದಿಲ್ಲ.

ಗುರುವಾರ. ಔಷಧಿ ಪೆಟ್ಟಿಗೆ. ಅವನು ವೈದ್ಯನಲ್ಲ, ಆದರೂ ಜ್ವರ, ಕಣ್ಣುಬೇನೆ, ಹುಣ್ಣು ಎಂದು ಜನ ಬಂದು ಕೂರುತ್ತಾರೆ. ಸಂತೆಯಲ್ಲಿ ಬೆನ್ನು ತಿರುಗಿಸಿದವರೂ ಇಲ್ಲಿ ಸಾಲಿನಲ್ಲಿರುತ್ತಾರೆ. ಇದರಿಂದ ಅವನಿಗೆ ಖುಷಿಯೂ ಆಗುತ್ತದೆ, ಬೇಜಾರೂ ಆಗುತ್ತದೆ.

ಶುಕ್ರವಾರ. ಹಳ್ಳಿ ಸುತ್ತು. ಚಳಿಗಾಲದಲ್ಲಾದರೆ ಬಂಡಿ ಕಟ್ಟಿಕೊಂಡು ಡೇರೆ ಸಮೇತ ಹೊರಡುತ್ತಾನೆ. ಬಂಡಿ ಹೊಡೆಯುವವರು ಗಮನಿಸಿ: ದಾರಿಯಲ್ಲಿ ಅವನು ಕೇಳುವ ಪ್ರಶ್ನೆಗಳಿಗೆ ಪೂರ್ತಿ ಉತ್ತರ ಕೊಡಿ. ಯಾವ ಹೊಲ ಯಾರದು, ಯಾವ ಬಾವಿಗೆ ಯಾರು ಇಳಿಯುವಂತಿಲ್ಲ, ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಇದ್ಯಾವುದೂ ಅವನ ಪುಸ್ತಕದಲ್ಲಿಲ್ಲ.

ಶನಿವಾರ. ಪತ್ರ ಮತ್ತು ವರದಿ. ತಾಯಿಗೆ ಬರೆಯುವ ಪತ್ರದಲ್ಲಿ ಎಲ್ಲ ಚೆನ್ನಾಗಿರುತ್ತದೆ. ಮೇಲಿನವರಿಗೆ ಬರೆಯುವ ವರದಿಯಲ್ಲಿ ಎಲ್ಲ ಕಷ್ಟವಿರುತ್ತದೆ. ನಿಜ ಈ ಎರಡರ ನಡುವೆ ಎಲ್ಲೋ ಇರುತ್ತದೆ, ಅಡುಗೆಯವನಿಗೆ ಗೊತ್ತಿರುತ್ತದೆ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮುಂಚಿನ ಮಾದರಿಗಳಲ್ಲಿ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಹುಡುಗ ಬೇಡಿದ ಬುದ್ಧಿಮಾತು ಕೈಸೇರುವ ಹೊತ್ತಿಗೆ ಆ ತೊಂದರೆ ಮುಗಿದು ಇನ್ನೊಂದು ಹುಟ್ಟಿರುತ್ತಿತ್ತು. ಬೆಂಗಳೂರು ಮಾದರಿಯಲ್ಲೂ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಅವಕಾಶವಿತ್ತು: ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತಾಡಬಹುದು.

ರವಿವಾರ. ಆರಾಧನೆ. ಮುಂದಿನ ಸಾಲಿನಲ್ಲಿ ಶಾಲೆಯ ಹುಡುಗರು, ಹಿಂದೆ ಅಡುಗೆಯವನು, ಬಾಗಿಲ ಬಳಿ ಮಳೆ ನಿಲ್ಲಲೆಂದು ಬಂದ ಇಬ್ಬರು. ಹುಡುಗನ ಪ್ರಸಂಗ ಮುಗಿದ ಮೇಲೆ ಮುನ್ಶಿ ಒಂದು ಮಾತು ಹೇಳಬೇಕು: ‘ಇವತ್ತು ಕ್ರಿಯಾಪದ ಎಲ್ಲೂ ತಪ್ಪಲಿಲ್ಲ.’ ಅದು ಸುಳ್ಳಾದರೂ ದೋಷವಿಲ್ಲ.

5. ಇಡುವ ಜಾಗ

ಬೇಸಗೆಯಲ್ಲಿ ತಂಪಾದ ಜಾಗದಲ್ಲಿ ಇಡತಕ್ಕದ್ದು. ಬಾಸೆಲಿನವರು ಇದಕ್ಕಾಗಿ ನೀಲಗಿರಿಯ ಕೇಟಿಯಲ್ಲಿ ಠಾಣೆ ಮಾಡಿಕೊಂಡಿದ್ದರು. ಅಮೆರಿಕದವರು ಕೊಡೈಕನಾಲಿಗೆ ಹತ್ತುತ್ತಿದ್ದರು. 1901ರಲ್ಲಿ ಅಲ್ಲಿ ಅವರ ಮಕ್ಕಳಿಗೆ ಶಾಲೆಯೂ ಆಯಿತು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಹುಡುಗ ಬೆಟ್ಟ ಹತ್ತಿದ್ದು ಕಂಡು ‘ನಮಗ್ಯಾವ ಬೆಟ್ಟ?’ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ಕೈಪಿಡಿಯಲ್ಲಿ ಉತ್ತರವಿಲ್ಲ.

ಸೊಳ್ಳೆಯಿಂದ ದೂರವಿಡಿ. ಜ್ವರಕ್ಕೆ ಕೆಟ್ಟ ಗಾಳಿ ಕಾರಣ ಎಂದು ಬಹುಕಾಲ ನಂಬಿದ್ದರು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಮಲೇರಿಯಾದ ಜೀವಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ಸಿಕಂದರಾಬಾದಿನಲ್ಲಿ. ಎರಡೇ ವರ್ಷದ ಮೇಲೆ ಹೈದರಾಬಾದ್ ಸೀಮೆಗೆ ಬಂದ ಪಾಲಮೂರು ಮಾದರಿಯ ಮೊದಲಿಗ ಎನ್. ಎನ್. ಹೀಬರ್ಟ್ ಆರೋಗ್ಯ ಕೆಟ್ಟು 1901ರಲ್ಲೇ ಮರಳಬೇಕಾಯಿತು. ವಿಜ್ಞಾನ ಪಕ್ಕದ ಊರಿನಲ್ಲಿದ್ದ ಮಾತ್ರಕ್ಕೆ ಮೈಗೆ ತಲುಪುವುದಿಲ್ಲ.

ಮೆಟ್ಟಿಲು ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡಿ. ನಾರುಹುಣ್ಣಿನಿಂದ ದೇಶಕ್ಕೆ ಬಿಡುಗಡೆ ಸಿಕ್ಕಿದೆ ಎಂದು ಪ್ರಮಾಣಪತ್ರ ಬಂದದ್ದು 2000ದಲ್ಲಿ. ಅದಕ್ಕೆ ಮುಂಚಿನ ಮಾದರಿಗಳಿಗೆ ಈ ಸೂಚನೆ ಕಡ್ಡಾಯ.

6. ದೋಷ ಮತ್ತು ಪರಿಹಾರ

ದೋಷ: ಮಾತಾಡುವುದಿಲ್ಲ, ಉಣ್ಣುವುದಿಲ್ಲ, ಸಂಜೆ ರಸ್ತೆ ನೋಡುತ್ತ ಕೂರುತ್ತಾನೆ. ಕಾರಣ: ಊರು ನೆನಪಾಗಿದೆ. ಪರಿಹಾರ ನಿಮಗೇ ಗೊತ್ತು. ದೇಶದ ಎಷ್ಟೋ ಅಣೆಕಟ್ಟು, ಕಾಲುವೆ, ರಸ್ತೆಗಳನ್ನು ಕಟ್ಟಿದ್ದು ಪಾಲಮೂರಿನ ಕೂಲಿಗಳು. ಮುಂಬೈ, ಪುಣೆ, ಬೆಂಗಳೂರಿನ ಸಿಮೆಂಟು ಧೂಳಿನಲ್ಲಿ ಮಲಗಿ ಎದ್ದವರು ನಮ್ಮ ಮನೆಮನೆಯಲ್ಲೂ ಇದ್ದಾರೆ. ಪರಊರಿನ ರಾತ್ರಿ ಎಷ್ಟು ಉದ್ದ ಎಂದು ಅವರಿಗೆ ಯಾವ ಸಭೆಯೂ ಹೇಳಿಕೊಡಬೇಕಿಲ್ಲ. ಅಂಥವರೊಬ್ಬರನ್ನು ಅವನ ಪಕ್ಕ ಕೂರಿಸಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಕೊಡಿ. ಖಾರ ಕಡಿಮೆ ಹಾಕಬೇಡಿ; ಕಣ್ಣೀರಿಗೆ ಒಂದು ನೆಪ ಬೇಕಾಗಿರುತ್ತದೆ.

ದೋಷ: ವಿಪರೀತ ಉತ್ಸಾಹ. ಊರಿಗೆ ಊರೇ ತನ್ನ ಕಡೆ ಬರುತ್ತದೆಂದು ನಂಬುವುದು. ಪರಿಹಾರ: ಮಲ್ಲಸಮುದ್ರದ ಕಥೆ ಹೇಳಿ. 1840ರ ಸುಮಾರಿಗೆ ಧಾರವಾಡ, ಗದಗ ಸೀಮೆಯಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಜನರು ಬಾಸೆಲಿನವರ ಮಾತಿಗೆ ಕಿವಿಗೊಟ್ಟರು. ಸಾವಿರಾರು ಜನ ಬಂದೇ ಬಿಟ್ಟರೆಂದು ಭಾವಿಸಿ ಮಿಷನರಿಗಳು ಬೆಟಗೇರಿಯ ಹತ್ತಿರದ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು ವಸಾಹತಿಗೆ ಅಣಿಮಾಡಿದರು. ಜಮೀನು ಉಳಿಯಿತು. ಸಾವಿರಾರು ಜನ ಬರಲಿಲ್ಲ.

ದೋಷ: ಊರಿನವನೇ ಆಗಲು ಹೊರಡುವುದು. ಇದು ಉತ್ತಮ ಮಾದರಿಗಳಲ್ಲಿ ಮಾತ್ರ ಕಾಣುತ್ತದೆ. ಕಿಟ್ಟೆಲ್ ಎಳೆಯ ವಯಸ್ಸಿನಲ್ಲಿ ಬಿಳಿಯರ ಬಿಂಕ ಬಿಟ್ಟು ಜನರ ನಡುವೆ ಜನರಾಗಿ ಬದುಕಲು ಹಟ ಹಿಡಿದರು. ಜೊತೆಯವರಿಗೆ ಅದು ಹಿಡಿಸಲಿಲ್ಲ. ಪರಿಹಾರ: ಏನೂ ಮಾಡಬೇಡಿ. ಇದು ದೋಷ ಅನ್ನುವುದು ಕಮಿಟಿಯ ಅಭಿಪ್ರಾಯ, ನಮ್ಮದಲ್ಲ.

7. ಒಳಗಿನ ಭಾಗ: ನಂಬಿಕೆ

ಇದನ್ನು ಬಿಚ್ಚಿ ನೋಡಲು ಹೋಗಬೇಡಿ. ಹೊರಗಿನಿಂದಲೇ ಪರೀಕ್ಷಿಸುವ ವಿಧಾನ ಒಂದಿದೆ.

ಪಾಲ್ ಹೀಬರ್ಟ್ 1932ರಲ್ಲಿ ಶಂಷಾಬಾದಿನ ಮಿಷನರಿ ಮನೆಯಲ್ಲಿ ಹುಟ್ಟಿದವರು. 1960ರ ದಶಕದಲ್ಲಿ ತಾವೂ ಮಹಬೂಬ್‌ನಗರದಲ್ಲಿ ಮಿಷನರಿಯಾಗಿದ್ದರು. ಹಳ್ಳಿಯೊಂದರ ಜಾತಿ, ನೆಂಟಸ್ತಿಕೆ, ಕೊಡುಕೊಳ್ಳುವಿಕೆಗಳನ್ನು ಅಧ್ಯಯನ ಮಾಡಿ 1971ರಲ್ಲಿ ‘ಕೊಂಡೂರು’ ಎಂಬ ಇಂಗ್ಲಿಷ್ ಪುಸ್ತಕ ತಂದರು. ಬೋಧಿಸಲು ಬಂದವರ ಪೈಕಿ ಕೂತು ಕೇಳಿಸಿಕೊಂಡವರು ಇವರು. ಮುಂದೆ ಅವರು ಒಂದು ಪ್ರಶ್ನೆ ಎತ್ತಿದರು. ಓದುಬರಹ ಬಾರದ ಪಾಪಯ್ಯನೆಂಬ ರೈತ ಒಂದೇ ಒಂದು ಸಲ ಕ್ರಿಸ್ತನ ಸುದ್ದಿ ಕೇಳಿ ಮನಸ್ಸು ಕೊಟ್ಟರೆ ಅವನು ಕ್ರೈಸ್ತನೇ? ಎಷ್ಟು ತಿಳಿದಿದ್ದರೆ ಸಾಕು? ಗೆರೆ ಎಳೆದು, ಒಳಗೋ ಹೊರಗೋ ಎಂದು ಅಳೆಯುವುದೊಂದು ರೀತಿ. ಮುಖ ಯಾವ ಕಡೆಗೆ ತಿರುಗಿದೆ ಎಂದು ನೋಡುವುದು ಇನ್ನೊಂದು ರೀತಿ. ಹೀಬರ್ಟ್ ಎರಡನೆಯದರ ಕಡೆಗೆ ವಾಲಿದರು.

ಅಳತೆಗೋಲು ಚೆನ್ನಾಗಿದೆ. ಪಾಪಯ್ಯನಿಗೇ ಯಾಕೆ ಹಿಡಿಯಬೇಕು, ಮಿಷನರಿಗೂ ಹಿಡಿಯೋಣ. ರವಿವಾರ ಪ್ರಸಂಗಪೀಠದ ಮೇಲೆ ಎಲ್ಲರ ನಂಬಿಕೆಯೂ ಗಟ್ಟಿಯಾಗಿಯೇ ಕಾಣುತ್ತದೆ. ಯಾರೂ ಬರದ ರವಿವಾರ ಕಳೆದ ಮೇಲೆ ಸೋಮವಾರ ಬೆಳಿಗ್ಗೆ ಹುಡುಗ ಪಾಟಿ ಹಿಡಿದು ಮುನ್ಶಿಯ ಮುಂದೆ ಮತ್ತೆ ಕೂತನೇ? ಕೂತಿದ್ದರೆ ಅವನ ಮುಖ ನಿಮ್ಮ ಕಡೆಗಿದೆ ಎಂದು ತಿಳಿಯಿರಿ. ಅವನ ದೇವರ ಕಡೆಗೂ ಇದ್ದೀತು.

ದೋರ್ನಕಲ್ಲಿನ ವಿ. ಎಸ್. ಅಜರಯ್ಯ 1910ರಲ್ಲಿ ಎಡಿನ್‌ಬರೋದ ಮಿಷನರಿ ಸಮ್ಮೇಳನದಲ್ಲಿ ಪಶ್ಚಿಮದವರ ಎದುರೇ ಹೇಳಿದ ಮಾತಿನ ಸಾರವೂ ಇದೇ: ನಿಮ್ಮ ತ್ಯಾಗಕ್ಕೆ ನಾವು ಋಣಿ, ಆದರೆ ನಮಗೆ ಸ್ನೇಹವೂ ಬೇಕು. ಎರಡು ವರ್ಷದ ಮೇಲೆ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು.

8. ವಾರಂಟಿ

ಯಾವ ಕೆಲಸಕ್ಕೆಂದು ಬಂದನೋ ಆ ಕೆಲಸಕ್ಕೆ ವಾರಂಟಿ ಇಲ್ಲ. ಆದರೆ ಜೊತೆಯಲ್ಲಿ ಸಿಗುವ ಉತ್ಪನ್ನಗಳು ದೀರ್ಘಕಾಲ ಬರುತ್ತವೆ. ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯಾಯಿತು. ಆ ದಿನವನ್ನು ಈಗಲೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ದಾಸರ ಪದಗಳನ್ನು 1850ರಲ್ಲಿ ಅಚ್ಚಿಗೆ ತಂದವರೂ ಅವರೇ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆ ಎಲ್ಲ ಜಾತಿಯ ತಲೆಗಳಿಗೂ ಸೂರಾಯಿತು. ಇಪ್ಪತ್ತೊಂದಕ್ಕೆ ಬಂದ ಕಿಟ್ಟೆಲರ ನಿಘಂಟು ಹೊರಬಂದಾಗ 1894. ಅವರಿಗೆ ಅರವತ್ತೆರಡು, ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದ.

ಇವೆಲ್ಲವೂ ಅವರ ಹೆಸರಿನಲ್ಲಿ ದಾಖಲಾಗಿವೆ, ಆಗಬೇಕಾದದ್ದೇ. ಆದರೆ ಆ ಎಪ್ಪತ್ತು ಸಾವಿರ ಶಬ್ದಗಳೂ ಯಾರದೋ ಬಾಯಿಂದ, ಯಾರದೋ ಓಲೆಯಿಂದ ಬಂದಂಥವು. ಹೇಳಿದವರು, ತಿದ್ದಿದವರು, ಮತ್ತೆ ಹೇಳಿದವರು ನಾವು. ಹುಡುಗರಾಗಿ ಬಂದವರನ್ನು ದೊಡ್ಡವರಾಗಿ ಮಾಡಿದ್ದು ಈ ಊರುಗಳು. ಆ ಕೆಲಸಕ್ಕೆ ಯಾವ ವರದಿಯಲ್ಲೂ ಕಾಲಂ ಇರಲಿಲ್ಲ. ಅದಕ್ಕೇ ಕೊನೆಯ ಭಾಗ.

9. ಊರಿನ ವರದಿ

ಮಿಷನರಿ ನಿಮ್ಮ ಬಗ್ಗೆ ಮೇಲಕ್ಕೆ ವರದಿ ಬರೆಯುತ್ತಾನೆ. ನೀವೂ ವರ್ಷಕ್ಕೊಮ್ಮೆ ಈ ನಮೂನೆಯನ್ನು ತುಂಬಿ, ಚಾವಡಿಯಲ್ಲಿ ಐದು ಮಂದಿಯ ಮುಂದೆ ಓದಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿ ಅವನ ಕಮಿಟಿಗೆ ಕಳಿಸಿ.

ಭಾಷೆ: ಬೈಯುವುದು ಬರುತ್ತದೆಯೇ? (ಬಂದರೆ ಮಾತ್ರ ‘ಕಲಿತಿದ್ದಾನೆ’ ಎಂದು ಬರೆಯಿರಿ.)
ಉಂಡ ಮನೆಗಳು: ಯಾವ್ಯಾವ ಓಣಿ? ಬಿಟ್ಟ ಓಣಿ ಯಾವುದು, ಯಾಕೆ?
ಕೇಳಿದ್ದು ಹೆಚ್ಚೋ, ಹೇಳಿದ್ದು ಹೆಚ್ಚೋ:
ಸಾವಿನ ಮನೆಗೆ ಬಂದಾಗ ಪ್ರಸಂಗ ಮಾಡಿದನೋ, ಸುಮ್ಮನೆ ಕೂತನೋ:
ಮುನ್ಶಿಯ ಸಂಬಳ ಬಾಕಿ ಎಷ್ಟು:
ಷರಾ: (ಮಾದರಿಗೆ) ‘ಹುಡುಗ ಒಳ್ಳೆಯವನು. ಪ್ರಸಂಗ ಉದ್ದ. ಅವನು ಹೇಳಿದ್ದನ್ನು ನಾವು ಎಲ್ಲ ಒಪ್ಪಿಲ್ಲ, ನಾವು ಹೇಳಿದ್ದನ್ನು ಅವನೂ ಎಲ್ಲ ಒಪ್ಪಿಲ್ಲ. ಕೆಲಸ ಮುಗಿದಿಲ್ಲವಾದ್ದರಿಂದ ಇನ್ನೂ ಎರಡು ವರ್ಷ ನಮ್ಮಲ್ಲೇ ಬಿಡಬೇಕಾಗಿ ವಿನಂತಿ. ಅವನ ತಾಯಿಗೆ ಕಾಗದ ಬರೆಯುವಾಗ ಮೈ ಹಿಡಿದಿದ್ದಾನೆ ಎಂದು ತಿಳಿಸುವುದು.’